ಹಾರುವ ಓತಿಯ ರೆಕ್ಕೆ ಎಲ್ಲಿಗೆ ಹೋಯ್ತು?

ಪ್ರಶ್ನೆ: ನಮ್ಮ ಕಂಗಿನ (ಅಡಿಕೆ ಮರದ) ತೋಟದಲ್ಲಿ ಒಂದು ಓತಿ ಮರದಿಂದ ಮರಕ್ಕೆ ಹಾರಿತು. ಕೂತ ಮೇಲೆ ನೋಡಿದರೆ ರೆಕ್ಕೆಯೇ ಇಲ್ಲ! ಎಲ್ಲಿಗೆ ಹೋಯ್ತು?
– ಬದಿಯಡ್ಕದ ಪುಟ್ಟ ಓದುಗ

ಎಲ್ಲಿಗೂ ಹೋಗಿಲ್ಲ. ಮಡಚಿ ಪಕ್ಕೆಗೆ ಅಂಟಿಸಿಕೊಂಡಿದೆ, ಅಷ್ಟೆ.

ನಮ್ಮ ಪಕ್ಕೆಲುಬುಗಳು ಎದೆಯನ್ನು ಸುತ್ತಿಕೊಂಡಿರುತ್ತವೆ. ಹಾರುವ ಓತಿಗೆ ಹಾಗಲ್ಲ. ಅದರ ಕೆಲವು ಪಕ್ಕೆಲುಬುಗಳು ತುಂಬಾ ಉದ್ದ, ಮೈಯಿಂದ ಹೊರಕ್ಕೆ ಚಾಚಿಕೊಳ್ಳುತ್ತವೆ. ಅವುಗಳ ನಡುವೆ ತೆಳ್ಳಗಿನ ಚರ್ಮ. ಬೇಕೆಂದಾಗ ಕೊಡೆಯ ಹಾಗೆ ಬಿಡಿಸುತ್ತದೆ, ಬೇಡವೆಂದಾಗ ಮಡಚುತ್ತದೆ. ಹಕ್ಕಿಗೂ ಬಾವಲಿಗೂ ಕೈಗಳೇ ರೆಕ್ಕೆಗಳಾಗಿವೆ. ಓತಿಗೆ ಮಾತ್ರ ನಾಲ್ಕು ಕಾಲೂ ಇವೆ, ಮೇಲಿಂದ ಎರಡು ರೆಕ್ಕೆಯೂ ಇವೆ. ಸ್ವಲ್ಪ ಜಾಸ್ತಿಯೇ ಸಿಕ್ಕಿತು ಅಲ್ವಾ?

ಆದರೆ ಅದು ಹಾರುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ. ರೆಕ್ಕೆ ಬಡಿಯಲು ಬರುವುದಿಲ್ಲ. ಎತ್ತರದಿಂದ ತಲೆ ಕೆಳಗಾಗಿ ಧುಮುಕುತ್ತದೆ, ರೆಕ್ಕೆ ಬಿಡಿಸಿ ಗಾಳಿಯಲ್ಲಿ ಜಾರುತ್ತದೆ. ಮರ ಹತ್ತಿರ ಬಂದಾಗ ತಲೆ ಮೇಲೆತ್ತಿ ವೇಗ ತಗ್ಗಿಸುತ್ತದೆ. ಹೊರಟಲ್ಲಿಗಿಂತ ಕೆಳಗೇ ಇಳಿಯುವುದರಿಂದ ಮತ್ತೆ ಮೇಲೇರಬೇಕಾದರೆ ಮರ ಹತ್ತಲೇಬೇಕು. ಈ ಬಳಗದ ಓತಿಗಳು 60 ಮೀಟರ್ ದೂರ ತೇಲಿದ್ದೂ ಉಂಟು. ಸಾಮಾನ್ಯವಾಗಿ ಕಂಗಿನಿಂದ ಕಂಗಿಗೆ 2.7 ಮೀಟರ್ ಅಂತರ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಒಂದೇ ಜಿಗಿತಕ್ಕೆ 20ಕ್ಕಿಂತ ಜಾಸ್ತಿ ಕಂಗು ದಾಟಿದ ಹಾಗಾಯಿತು! ಪ್ರಾಣಿಯೋ, ಬಾಲ ಸೇರಿದರೂ ಹೆಚ್ಚು ಕಮ್ಮಿ ಒಂದು ಗೇಣು.

ನನಗೆ ತುಂಬಾ ಇಷ್ಟವಾದ ಸಂಗತಿ ಇದರ ಕೈಗಳದ್ದು. ಹಾರುವಾಗ ಕೈಗಳಿಗೆ ಏನೂ ಕೆಲಸವಿಲ್ಲ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಆಗುಂಬೆಯ ಹತ್ತಿರ, ಪಾಳುಬಿಟ್ಟ ಒಂದು ಅಡಿಕೆ ತೋಟದಲ್ಲಿ, ಜರ್ಮನಿಯ ವಿಜ್ಞಾನಿಯೊಬ್ಬರು ಇವುಗಳ ಫೋಟೋ ತೆಗೆದು ಗಮನಿಸಿದರು. ಧುಮುಕಿದ ಕೂಡಲೇ ಓತಿ ತನ್ನ ಎರಡೂ ಕೈಗಳಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ! ಹಾಗೇ ಹಿಡಿದು ದಿಕ್ಕು ತಿರುಗಿಸುತ್ತದೆ ಅನ್ನುವುದು ಅವರ ಅಭಿಪ್ರಾಯ. ಮರ ಮುಟ್ಟುವ ಮೊದಲು ಕೈ ಬಿಡುತ್ತದೆ. ಇದು ಪ್ರಕಟವಾದದ್ದು 2017ರಲ್ಲಿ. ನಮ್ಮ ಅಜ್ಜಂದಿರು ದಿನಾ ನೋಡುತ್ತಿದ್ದ ಪ್ರಾಣಿಯ ಗುಟ್ಟು ಇಷ್ಟು ತಡವಾಗಿ ಹೊರಬಿತ್ತು.

ವಿಷ ಇದೆಯಾ ಅಂತ ಕೆಲವರು ಹೆದರುತ್ತಾರೆ. ಸುಮ್ನೆ ಭಯ. ಅದರ ಮುಖ್ಯ ಊಟ ಇರುವೆ, ನಮ್ಮ ತಂಟೆಗೆ ಬರುವುದಿಲ್ಲ. ನೆಲಕ್ಕಿಳಿಯುವುದೂ ಅಪರೂಪ. ಹೆಣ್ಣು ಮೊಟ್ಟೆಯಿಡಲು ಮಾತ್ರ ಇಳಿದು ಮಣ್ಣು ತೋಡುತ್ತದೆ.

ಹುಡುಕುವುದು ಕಷ್ಟ, ಯಾಕೆಂದರೆ ಮೈಬಣ್ಣ ಥೇಟ್ ತೊಗಟೆಯದ್ದೇ. ಓತಿಯನ್ನೇ ಹುಡುಕಬೇಡಿ, ಹಳದಿ ಬಣ್ಣ ಹುಡುಕಿ. ಗಂಡಿನ ಗಂಟಲ ಕೆಳಗೆ ಹಳದಿ ಚೀಲವೊಂದಿದೆ. ಕಾಂಡದ ಮೇಲೆ ಕೂತು ಅದನ್ನು ಆಗಾಗ ಮುಂದಕ್ಕೆ ಚಾಚುತ್ತಿರುತ್ತದೆ. ಬಿಸಿಲೇರಿದ ಮೇಲೆ ತೋಟಕ್ಕೆ ಹೋಗಿ ಕಾಂಡಗಳ ಮೇಲೆ ಕಣ್ಣಾಡಿಸಿ.