ನಮ್ಮ ಎಂಪಿ ಯಾವ ಬಿಲ್ಲಿಗೆ ಓಟು ಹಾಕಿದ್ರು ಅಂತ ನೋಡೋದೆಲ್ಲಿ?

ಪ್ರಶ್ನೆ: ಎಂಪಿಗಳು ಊರಿಗೆ ಬಂದಾಗ ಒಂಥರ ಮಾತಾಡ್ತಾರೆ, ಡೆಲ್ಲೀಲಿ ಓಟು ಹಾಕೋವಾಗ ಏನ್ ಮಾಡ್ತಾರೋ ಗೊತ್ತಾಗಲ್ಲ. ಯಾವ ಬಿಲ್ಲಿಗೆ ಪರ, ಯಾವುದಕ್ಕೆ ವಿರೋಧ ಅಂತ ಪಟ್ಟಿ ಎಲ್ಲಾದ್ರೂ ಸಿಗುತ್ತಾ ಸರ್? (ಕಡೂರಿನ ಓದುಗರೊಬ್ಬರು)

ಉತ್ತರ: ಪೂರ್ತಿ ಪಟ್ಟಿ ಸಿಗಲ್ಲ. ಯಾರೋ ಮುಚ್ಚಿಟ್ಟಿದಾರೆ ಅಂತಲ್ಲ, ಮುಕ್ಕಾಲುವಾಸಿ ಬಿಲ್ಲುಗಳಿಗೆ ಅಂಥ ಪಟ್ಟಿ ತಯಾರೇ ಆಗಿರಲ್ಲ.

ಅದಕ್ಕೂ ಮೊದಲು ಇನ್ನೊಂದು ವಿಷ್ಯ. ನೀವು ಕಡೂರಿನವರು ಅಂದ್ರಿ, ಜಿಲ್ಲೆ ಚಿಕ್ಕಮಗಳೂರೇ, ಆದ್ರೆ ಲೋಕಸಭೆಗೆ ನಿಮ್ಮದು ಹಾಸನ ಕ್ಷೇತ್ರ, ಅಂದ್ರೆ 2024ರಲ್ಲಿ ಗೆದ್ದ ಶ್ರೇಯಸ್ ಪಟೇಲ್ ನಿಮ್ಮ ಎಂಪಿ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆಯವರಿಗೆ ಘಟ್ಟದ ಕೆಳಗಿನ ಉಡುಪಿ ಕಡೆಯವರನ್ನೂ ಸೇರಿಸಿಕೊಂಡು ಕೋಟ ಶ್ರೀನಿವಾಸ ಪೂಜಾರಿ. ಇದನ್ನ ಯಾಕೆ ಹೇಳ್ದೆ ಅಂದ್ರೆ ಬೇರೆ ಕ್ಷೇತ್ರದ ಎಂಪಿಗೆ ಬೈಯೋರು ನಮ್ಮಲ್ಲಿ ಕಮ್ಮಿ ಏನಿಲ್ಲ.

ಈಗ ಓಟಿನ ವಿಚಾರ. ಚರ್ಚೆ ಮುಗಿದ ಮೇಲೆ ಸ್ಪೀಕರ್ ಪರ ಇರೋರು ಹೌದು ಅನ್ನಿ, ವಿರೋಧ ಇರೋರು ಇಲ್ಲ ಅನ್ನಿ ಅಂತಾರೆ, ಎರಡು ಕಡೆಯಿಂದ್ಲೂ ಕೂಗು ಬರುತ್ತೆ, ಯಾವ ಕಡೆ ಜಾಸ್ತಿ ಅಂತ ಸ್ಪೀಕರಿಗೆ ಅನ್ಸುತ್ತೋ ಅದೇ ಗೆದ್ದಂಗೆ. ಇದು ಧ್ವನಿಮತ. ಯಾರು ಕೂಗಿದ್ರು, ಯಾರು ಬಾಯಿ ಮುಚ್ಕೊಂಡು ಕೂತಿದ್ರು, ಯಾರು ಕ್ಯಾಂಟೀನಲ್ಲಿ ಕಾಫಿ ಕುಡೀತಿದ್ರು, ಒಂದೂ ದಾಖಲಾಗಲ್ಲ. ಯಾರಾದ್ರೂ ಸದಸ್ಯರು ಎದ್ದು ನಿಂತು ಇದು ಒಪ್ಪಲ್ಲ, ಡಿವಿಷನ್ ಬೇಕು ಅಂತ ಕೇಳಿದ್ರೆ ಆಗ ಗಂಟೆ ಹೊಡೆದು, ಮೂರೂವರೆ ನಿಮಿಷ ಬಿಟ್ಟು ಬಾಗಿಲು ಹಾಕಿ, ಸೀಟಲ್ಲೇ ಇರೋ ಬಟನ್ ಒತ್ತಿಸ್ತಾರೆ. ಹಸಿರು ಪರ, ಕೆಂಪು ವಿರೋಧ, ಹಳದಿ ಅಂದ್ರೆ ಎರಡೂ ಕಡೆ ಇಲ್ಲ. ಆಗ ಮಾತ್ರ ಹೆಸರು ಹೆಸರು ಹಿಡಿದು ದಾಖಲಾಗುತ್ತೆ. ಸಂವಿಧಾನ ತಿದ್ದುಪಡಿ ಆದ್ರೆ ತಲೆ ಎಣಿಸಲೇಬೇಕು, ಯಾಕಂದ್ರೆ ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿ, ಓಟು ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು, ಕೂಗಿನಲ್ಲಿ ಅದು ಗೊತ್ತಾಗಲ್ಲ.

ಹಂಗಾಗಿ 2023ರ ಸೆಪ್ಟೆಂಬರಿನ ಮಹಿಳಾ ಮೀಸಲಾತಿ ತಿದ್ದುಪಡಿಗೆ ಲೋಕಸಭೇಲಿ 454 ಪರ, 2 ವಿರೋಧ ಅಂತ ಲೆಕ್ಕ ಇದೆ. 2025ರ ಏಪ್ರಿಲಿನ ವಕ್ಫ್ ಬಿಲ್ಲಿಗೂ ಇದೆ, 288 ಪರ, 232 ವಿರೋಧ. ಅದೇ 2020ರ ಸೆಪ್ಟೆಂಬರ್ 20ಕ್ಕೆ ರಾಜ್ಯಸಭೇಲಿ ಕೃಷಿ ಬಿಲ್ಲುಗಳು ಬಂದಾಗ ವಿರೋಧ ಪಕ್ಷದವರು ಡಿವಿಷನ್ ಡಿವಿಷನ್ ಅಂತ ಗಂಟಲು ಹರ್ಕೊಂಡ್ರೂ ಧ್ವನಿಮತದಲ್ಲೇ ಪಾಸಾಯ್ತು, ಗಲಾಟೆ ಆಗಿ ಮಾರನೇ ದಿನ 8 ಜನ ಸಸ್ಪೆಂಡು. ಮುಂದಿನ ವರ್ಷ ನವೆಂಬರ್ 29ಕ್ಕೆ ಅವೇ ಕಾಯ್ದೆ ವಾಪಸ್ ತಗೊಂಡಾಗ್ಲೂ ಧ್ವನಿಮತವೇ, ಚರ್ಚೆನೂ ಇಲ್ಲ. ದೇಶವೇ ಒಂದು ವರ್ಷ ಜಗಳ ಆಡಿದ ವಿಷಯಕ್ಕೆ ಹೆಸರಿನ ಪಟ್ಟಿ ಇಲ್ಲ ಅಂದ್ರೆ ನನಗಂತೂ ಇದು ಸರಿ ಅನ್ಸಲ್ಲ.

ಇನ್ನು ಪಟ್ಟಿ ಸಿಕ್ಕಿದ್ರೂ ಅದರಿಂದ ಎಂಪಿ ಮನಸ್ಸು ಗೊತ್ತಾಗುತ್ತೆ ಅನ್ಕೋಬೇಡಿ. 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ಪಕ್ಷದ ವಿಪ್ (ಹೀಗೇ ಓಟು ಹಾಕಿ ಅನ್ನೋ ಆದೇಶ) ಮೀರಿ ಓಟು ಹಾಕಿದ್ರೆ, ಅಥವಾ ಹಾಕದೇ ತಪ್ಪಿಸ್ಕೊಂಡ್ರೆ, ಪಕ್ಷ 15 ದಿನದೊಳಗೆ ಮಾಫಿ ಮಾಡದಿದ್ರೆ ಸೀಟಿಗೇ ಕುತ್ತು. ಹಂಗಾಗಿ ಬಟನ್ ಒತ್ತೋ ಬೆರಳು ಅವರದ್ದು, ತೀರ್ಮಾನ ಪಕ್ಷದ್ದು.

ಹಾಸನದ್ದೇ ಒಂದು ಮಜವಾದ ಸಂಗತಿ ಇದೆ ನೋಡಿ, ಹೊಳೆನರಸೀಪುರದ ದೇವೇಗೌಡರು ಪ್ರಧಾನಿ ಆಗಿದ್ದಾಗ 1997ರ ಏಪ್ರಿಲ್ 11ಕ್ಕೆ ವಿಶ್ವಾಸಮತ ಸೋತ್ರಲ್ಲ, ಪರ 158, ವಿರೋಧ 292, ಆ 158ರಲ್ಲಿ ಅವರ ಓಟೇ ಇರ್ಲಿಲ್ಲ. ಅವರು ರಾಜ್ಯಸಭೆ ಸದಸ್ಯರು, ಮಂತ್ರಿಗಳು ಯಾವ ಸದನದಲ್ಲಾದ್ರೂ ಮಾತಾಡಬಹುದು ಆದ್ರೆ ಓಟು ತಮ್ಮ ಸದನದಲ್ಲಿ ಮಾತ್ರ. ಪಟ್ಟೀಲಿ ಹೆಸರಿಲ್ಲ ಅಂದ ತಕ್ಷಣ ಚಕ್ಕರ್ ಹೊಡೆದ್ರು ಅಂತ ಲೆಕ್ಕ ಹಾಕಬಾರದು ಅನ್ನೋದಕ್ಕೆ ಹೇಳ್ದೆ.

ಹುಡುಕೋ ದಾರಿ ಹೀಗೆ: ಬಿಲ್ಲು ಲೋಕಸಭೇಲಿ ಪಾಸಾದ ತಾರೀಖು ಗೊತ್ತು ಮಾಡ್ಕೊಳ್ಳಿ, ಸಂಸತ್ತಿನ ವೆಬ್‌ಸೈಟಲ್ಲಿ ಆ ದಿನದ ಚರ್ಚೆಯ ಪಿಡಿಎಫ್ ಇಳಿಸ್ಕೊಳ್ಳಿ, ಡಿವಿಷನ್ ಆಗಿದ್ರೆ ಪರ-ವಿರೋಧ ಹೆಸರು ಸಾಲಾಗಿ ಸಿಗುತ್ತೆ. ಮೆಷಿನ್ ಕೈಕೊಟ್ಟು ಚೀಟೀಲಿ ಓಟು ಕೊಟ್ಟವರನ್ನ, ತಿದ್ದಿಸಿದವರನ್ನ ಬೇರೆ ಗುರುತು ಹಾಕಿ ತೋರಿಸಿರ್ತಾರೆ, ಅದನ್ನೂ ನೋಡಿ. ಪಿಆರ್‌ಎಸ್ ಅನ್ನೋ ಸಂಸ್ಥೆ ಒಬ್ಬೊಬ್ಬ ಎಂಪಿಯ ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ, ಖಾಸಗಿ ಬಿಲ್ಲು ಎಲ್ಲಾ ಒಂದೇ ಪುಟದಲ್ಲಿ ಹಾಕುತ್ತೆ. ಮಂತ್ರಿ ಆದವರು ಪ್ರಶ್ನೆ ಕೇಳೋ ಹಾಗಿಲ್ಲ, ಹಂಗಾಗಿ ಉಡುಪಿ-ಚಿಕ್ಕಮಗಳೂರಿನ ಹಿಂದಿನ ಎಂಪಿ ಶೋಭಾ ಕರಂದ್ಲಾಜೆ 2021ರ ಜುಲೈನಲ್ಲಿ ಮಂತ್ರಿ ಆದ ಮೇಲೆ ಪ್ರಶ್ನೆಯೇ ಇಲ್ಲ ಅಂತ ದೂರೋದ್ರಲ್ಲಿ ಅರ್ಥ ಇಲ್ಲ.

ನನ್ನ ಕೇಳಿದ್ರೆ ಓಟಿಗಿಂತ ಪ್ರಶ್ನೆಗಳನ್ನೇ ನೋಡಿ, ಅದಕ್ಕೆ ವಿಪ್ ಇರಲ್ಲ. ಅದೂ ಅಲ್ದೆ ನಮ್ಮ ಮಲೆನಾಡಿನ ದೊಡ್ಡ ತಲೆನೋವುಗಳು ಎಷ್ಟೋ ಸಲ ಓಟಿಗೇ ಬರಲ್ಲ. ಪಶ್ಚಿಮಘಟ್ಟದ ಎಷ್ಟು ಭಾಗ ಪರಿಸರ ಸೂಕ್ಷ್ಮ ಪ್ರದೇಶ ಆಗಬೇಕು ಅಂತ ಹೇಳಿದ ಕಸ್ತೂರಿರಂಗನ್ ವರದಿನೇ ತಗೊಳ್ಳಿ, ಸಕಲೇಶಪುರದಿಂದ ಶೃಂಗೇರಿವರೆಗೆ ಎಲ್ಲಾ ಪಕ್ಷದವರೂ ಮೈಕ್ ಹಿಡಿದು ವಿರೋಧ ಅಂತಾರೆ, ಆದ್ರೆ ಅದು ಬಿಲ್ಲಲ್ಲ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ ಕೇಂದ್ರ ಸರ್ಕಾರ ಹೊರಡಿಸೋ ಅಧಿಸೂಚನೆ. 2024ರ ಜುಲೈ 31ಕ್ಕೆ ಆರನೇ ಕರಡು ಬಂತು, ಅದರಲ್ಲಿ ಪರಿಸರ ಸೂಕ್ಷ್ಮ ಅಂತ ಗುರುತಿಸಿರೋ ಜಾಗ ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ಆರು ಕರಡಿಗೂ ಲೋಕಸಭೇಲಿ ಯಾರೂ ಯಾವ ಬಟನ್ನೂ ಒತ್ತಿಲ್ಲ. ಇಲ್ಲಿ ಎಂಪಿ ನಿಲುವು ಏನು ಅಂತ ಗೊತ್ತಾಗೋದು ಅವರು ಸದನದಲ್ಲಿ ಕೇಳಿದ ಪ್ರಶ್ನೆ, ಶೂನ್ಯವೇಳೇಲಿ ಎತ್ತಿದ ಮಾತು, ಮಂತ್ರಿಗೆ ಬರೆದ ಪತ್ರದಿಂದ. ಮುಂದಿನ ಸಲ ಊರಿಗೆ ಬಂದು ನಾನು ವಿರೋಧ ಮಾಡಿದೀನಿ ಅಂದಾಗ ಯಾವ ತಾರೀಖು, ಮಂತ್ರಿ ಏನ್ ಉತ್ತರ ಕೊಟ್ರು ಅಂತ ಕೇಳಿ. ಆನೆ ಕಾಟಕ್ಕೂ ಇದೇ ಲೆಕ್ಕ.