ವಿಮಾನದಲ್ಲಿ ಶೂಟಿಂಗ್ ಕೂಟಕ್ಕೆ: ಯಾವ ಬಂದೂಕು ಜೊತೆಗೆ, ಯಾವುದು ಮನೆಯಲ್ಲಿ?

ರಾಷ್ಟ್ರೀಯ ಶೂಟಿಂಗ್ ಚಾಂಪಿಯನ್‌ಷಿಪ್‌ನ ದಿನಾಂಕಗಳು ಪ್ರಕಟವಾದ ಕೂಡಲೇ ನನ್ನ ಬಳಿ ತರಬೇತಿ ಪಡೆಯುವವರಿಂದ ಬರುವ ಮೊದಲ ಪ್ರಶ್ನೆ ಬಂದೂಕುಗಳ ಬಗ್ಗೆಯೇ ಇರುತ್ತದೆ. ಕೂಟ ದೆಹಲಿಯ ತುಘಲಕಾಬಾದ್‌ನಲ್ಲಿರುವ ಡಾ. ಕರ್ಣಿ ಸಿಂಗ್ ರೇಂಜ್‌ನಲ್ಲಿ ನಡೆಯಲಿ, ಭೋಪಾಲದ ಅಕಾಡೆಮಿಯಲ್ಲಿ ನಡೆಯಲಿ, ಬೆಂಗಳೂರಿನಿಂದ ಹೊರಡುವವರಲ್ಲಿ ಹೆಚ್ಚಿನವರು ಈಗ ವಿಮಾನವನ್ನೇ ಹಿಡಿಯುತ್ತಾರೆ. ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಿಬಿಡಬಹುದಾಗಿದ್ದ ಎರಡನೆಯ ಪೆಟ್ಟಿಗೆ ವಿಮಾನದಲ್ಲಿ ತೂಕ, ಶುಲ್ಕ, ಕಾಗದಪತ್ರ ಮತ್ತು ತಪಾಸಣೆ ಎಂಬ ನಾಲ್ಕು ಹೊರೆಗಳನ್ನು ಒಟ್ಟಿಗೆ ತರುತ್ತದೆ. ಹೀಗಾಗಿ ನಾನು ಎಲ್ಲರಿಗೂ ಕೊಡುವ ಉತ್ತರ ಒಂದೇ: ಹೆಸರು ನೋಂದಾಯಿಸಿದ ಪ್ರತಿ ಸ್ಪರ್ಧೆಗೆ ಒಂದೇ ಬಂದೂಕು, ಅದರ ಜೊತೆಗೆ ಅದೇ ಬಂದೂಕಿನ ಬಿಡಿಭಾಗಗಳ ಒಂದು ಸಣ್ಣ ಚೀಲ. ಮಿಕ್ಕದ್ದೆಲ್ಲವೂ ತನ್ನ ಜಾಗವನ್ನು ಸಮರ್ಥಿಸಿಕೊಳ್ಳಬೇಕು.

ಈ ಉತ್ತರಕ್ಕೆ ಅತಿ ಹೆಚ್ಚು ವಿರೋಧ ಬರುವುದು ಏರ್ ಪಿಸ್ತೂಲಿನವರಿಂದ. ಪಿಸ್ತೂಲು ಹಗುರ, ನಿಯಮದ ಪ್ರಕಾರವೇ ಅದರ ತೂಕ 1,500 ಗ್ರಾಂ ಮೀರುವಂತಿಲ್ಲ. ಹಾಗಿದ್ದಮೇಲೆ ಹಳೆಯದೊಂದನ್ನು ಆಪತ್ತಿಗೆಂದು ಇಟ್ಟುಕೊಂಡರೆ ತಪ್ಪೇನು ಎಂದು ಪೋಷಕರು ಕೇಳುತ್ತಾರೆ. ಅವರಿಗೆ ನಾನು ಟೋಕಿಯೊ ಒಲಿಂಪಿಕ್ಸನ್ನು ನೆನಪಿಸುತ್ತೇನೆ. 2021ರ ಜುಲೈ 25ರಂದು ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಕಾಕಿಂಗ್ ಲಿವರ್, ಅಂದರೆ ಹೊಡೆತಕ್ಕೆ ಪಿಸ್ತೂಲನ್ನು ಸಜ್ಜುಗೊಳಿಸುವ ಸನ್ನೆ, ಮುರಿಯಿತು. ಅದನ್ನು ಸರಿಪಡಿಸಿಕೊಂಡು ಅವರು ಗುರಿಸಾಲಿಗೆ ಮರಳುವ ಹೊತ್ತಿಗೆ ಅಮೂಲ್ಯ ನಿಮಿಷಗಳು ಕಳೆದುಹೋಗಿದ್ದವು. 575 ಅಂಕಗಳೊಂದಿಗೆ ಅವರು 12ನೆಯ ಸ್ಥಾನದಲ್ಲಿ ಉಳಿದರು, ಫೈನಲ್ ಎರಡು ಅಂಕಗಳ ಅಂತರದಲ್ಲಿ ಕೈತಪ್ಪಿತು. ಬದಲಿ ಪಿಸ್ತೂಲು ಎತ್ತಿಕೊಳ್ಳಬೇಕಿತ್ತು ಎಂಬ ಮಾತು ಆಗ ಬಹಳ ಕೇಳಿಬಂತು. ಆದರೆ ಬದಲಿ ಪಿಸ್ತೂಲನ್ನು ಕೈಗೆತ್ತಿಕೊಂಡವರು ಅದರ ಹಿಡಿಕೆಗೆ ಕೈಯನ್ನು ಹೊಂದಿಸಬೇಕು, ಅದರ ಟ್ರಿಗರ್ ಎಲ್ಲಿ ಬಿಡುತ್ತದೆ ಎಂಬುದನ್ನು ಬೆರಳಿಗೆ ಮತ್ತೆ ಕಲಿಸಬೇಕು, ಗುರಿಯನ್ನು ಮತ್ತೆ ಸರಿಹೊಂದಿಸಬೇಕು. ಇಷ್ಟಕ್ಕೂ ಬೇಕಾದ ಸಮಯ ನಡೆಯುತ್ತಿರುವ 75 ನಿಮಿಷಗಳೊಳಗಿನಿಂದಲೇ ಬರಬೇಕು. ಅದಕ್ಕೂ ಮೊದಲು ಆ ಪಿಸ್ತೂಲು ಸಲಕರಣೆ ತಪಾಸಣೆಯಲ್ಲಿ ಉತ್ತೀರ್ಣವಾಗಿರಬೇಕು.

ಆದ್ದರಿಂದ ಬದಲಿ ಪಿಸ್ತೂಲಿಗೆ ನಾನು ಒಪ್ಪುವುದು ಒಂದೇ ಷರತ್ತಿನ ಮೇಲೆ. ಹೊರಡುವ ಮುಂಚಿನ ವಾರಗಳಲ್ಲಿ ಅದರಿಂದ ಪೂರ್ಣ ಸರಣಿಗಳನ್ನು ಹೊಡೆದಿರಬೇಕು, ಅದರ ಹಿಡಿಕೆ ಮತ್ತು ಟ್ರಿಗರ್ ಮುಖ್ಯ ಪಿಸ್ತೂಲಿನಂತೆಯೇ ಇರಬೇಕು, ಅಲ್ಲಿ ತಲುಪಿದ ದಿನವೇ ಎರಡನ್ನೂ ತಪಾಸಣೆಗೆ ಒಪ್ಪಿಸಬೇಕು. ಎರಡು ವರ್ಷ ಕಪಾಟಿನಲ್ಲಿದ್ದ ಪಿಸ್ತೂಲು ಧೈರ್ಯ ಕೊಡುವಂತೆ ಕಂಡರೂ ಸ್ಪರ್ಧೆಯ ನಡುವೆ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ಲಿವರ್, ಸೀಲ್‌ಗಳು, ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಹೊಸ ಬ್ಯಾಟರಿ, ಇನ್ನೊಂದು ಗಾಳಿ ಸಿಲಿಂಡರ್, ಅಲೆನ್ ಕೀಗಳು, ಟ್ರಿಗರ್ ಎಳೆತವನ್ನು ಪರೀಕ್ಷಿಸುವ 500 ಗ್ರಾಂನ ತೂಕದ ಬಟ್ಟು ಇವುಗಳನ್ನು ಕೊಂಡೊಯ್ಯಿರಿ. ಎಲ್ಲವೂ ಸೇರಿ ಒಂದು ಪಿಸ್ತೂಲಿನ ತೂಕವಾಗುವುದು ಕಷ್ಟ. ಬಿಡಿ ಬ್ಯಾಟರಿಯೊಂದನ್ನು ಬಿಟ್ಟು ಇವು ಕೈಚೀಲದಲ್ಲಿ ಹೋಗುವಂತಿಲ್ಲ, ಬಂದೂಕಿನ ಯಾವ ಭಾಗಕ್ಕೂ ಕ್ಯಾಬಿನ್‌ನಲ್ಲಿ ಜಾಗವಿಲ್ಲ. ರೈಫಲಿನ ಬೋಲ್ಟ್ ಕಳಚಿ ಜೇಬಿನಲ್ಲಿಟ್ಟುಕೊಂಡರೆ ಸುರಕ್ಷಿತ ಎಂದು ಭಾವಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

10 ಮೀಟರ್ ಮತ್ತು 25 ಮೀಟರ್ ಎರಡರಲ್ಲೂ ಸ್ಪರ್ಧಿಸುವ ಪಿಸ್ತೂಲ್ ಶೂಟರ್‌ಗಳ ವಿಷಯ ಬೇರೆ. ಒಂದರಲ್ಲಿ 4.5 ಮಿಲಿಮೀಟರ್ ಪೆಲೆಟ್ ಮತ್ತು ಕನಿಷ್ಠ 500 ಗ್ರಾಂ ಟ್ರಿಗರ್, ಇನ್ನೊಂದರಲ್ಲಿ .22 ಕಾಡತೂಸು ಮತ್ತು ಕನಿಷ್ಠ 1,000 ಗ್ರಾಂ ಟ್ರಿಗರ್. ಇಲ್ಲಿ ಎರಡು ಪಿಸ್ತೂಲುಗಳು ಅನಿವಾರ್ಯ, ಅವುಗಳಲ್ಲಿ ಯಾವುದೂ ಇನ್ನೊಂದಕ್ಕೆ ಬದಲಿಯಲ್ಲ. ಇಂಥವರು ಮೂರನೆಯದನ್ನು ಸೇರಿಸುವ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ರೈಫಲಿನವರ ಕಷ್ಟವೆಲ್ಲ ತೂಕದ್ದು. ಏರ್ ರೈಫಲಿಗೆ 5.5 ಕಿಲೋ ಮಿತಿ ಇದೆ, 50 ಮೀಟರಿನ ರೈಫಲು 8 ಕಿಲೋವರೆಗೂ ಹೋಗಬಹುದು. ಗಟ್ಟಿ ಪೆಟ್ಟಿಗೆ, ದಪ್ಪ ಜಾಕೆಟ್, ಪ್ಯಾಂಟು, ಬೂಟು, ಮ್ಯಾಟು ಇವನ್ನೆಲ್ಲ ಕೂಡಿಸಿದರೆ ದೇಶೀಯ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಸಿಗುವ 15 ಕಿಲೋ ಒಂದೇ ರೈಫಲಿಗೆ ಮುಗಿದುಹೋಗುತ್ತದೆ. ಎರಡೂ ದೂರಗಳಲ್ಲಿ ಅರ್ಹತೆ ಗಳಿಸಿದವರು ಎರಡನ್ನೂ ಒಯ್ಯಲೇಬೇಕು. ಹೆಚ್ಚುವರಿ ತೂಕಕ್ಕೆ ಮುಂಚಿತವಾಗಿಯೇ ಹಣ ಕಟ್ಟಿದರೆ ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಕಡಿಮೆ ಬೀಳುತ್ತದೆ. ಒಂದರಲ್ಲಿ ಮಾತ್ರ ಅರ್ಹತೆ ಇದ್ದೂ ಅಭ್ಯಾಸಕ್ಕೆಂದು ಇನ್ನೊಂದನ್ನು ಸಾಗಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆಯ ವಾರದಲ್ಲಿ ಶೂಟರ್‌ನ ಗಮನ ಒಂದೇ ಬಂದೂಕಿನ ಮೇಲಿರಬೇಕು.

ಏರ್ ರೈಫಲಿನವರಿಗೆ ಒಂದು ಅನುಕೂಲವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್ (4.5 ಮಿಲಿಮೀಟರ್) ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ, ಸ್ಪರ್ಧಾ ಏರ್ ರೈಫಲಿನ ಶಕ್ತಿ ಆ ಮಿತಿಯ ಅರ್ಧಕ್ಕೂ ಏರುವುದಿಲ್ಲ. ಆದರೆ ಕೌಂಟರಿನ ಸಿಬ್ಬಂದಿಗೆ ಕಾಣುವುದು ಒಂದು ರೈಫಲ್ ಮಾತ್ರ. ಖರೀದಿಯ ರಸೀದಿ, ರಾಷ್ಟ್ರೀಯ ರೈಫಲ್ ಸಂಸ್ಥೆಯ ಗುರುತಿನ ಚೀಟಿ, ರಾಜ್ಯ ಸಂಸ್ಥೆಯ ಪತ್ರ, ಸ್ಪರ್ಧೆಯ ಪ್ರವೇಶಪತ್ರ ಮತ್ತು ಆ ನಿಯಮದ ಮುದ್ರಿತ ಪುಟ ಒಂದೇ ಕಡತದಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಸಿಲಿಂಡರುಗಳನ್ನು ಪೂರ್ತಿ ಖಾಲಿ ಮಾಡಿ, ಬಂದೂಕಿನಿಂದ ಕಳಚಿ ಇಡಬೇಕು. ಮಾದರಿಯಿಂದ ಮಾದರಿಗೆ ತುಂಬಿಸುವ ಅಡಾಪ್ಟರ್ ಬದಲಾಗುವುದರಿಂದ ನಿಮ್ಮದನ್ನು ನೀವೇ ಒಯ್ಯಬೇಕು. ಸಿಲಿಂಡರ್ ಮೇಲೆ ಅಚ್ಚಾಗಿರುವ ತಯಾರಿಕೆಯ ದಿನಾಂಕವನ್ನೂ ನೋಡಿಕೊಳ್ಳಿ, ಏಕೆಂದರೆ ಪ್ರಮುಖ ತಯಾರಕರು ಹತ್ತು ವರ್ಷದ ಅವಧಿ ಇಟ್ಟಿದ್ದಾರೆ ಮತ್ತು ಅವಧಿಯೊಳಗಿನ ಸಿಲಿಂಡರ್ ಬಳಸುವ ಹೊಣೆಯನ್ನು ಅಂತರರಾಷ್ಟ್ರೀಯ ನಿಯಮ ಶೂಟರ್‌ನ ಮೇಲೆಯೇ ಹೊರಿಸಿದೆ.

ಬಂದೂಕಿನ ಆಯ್ಕೆಯನ್ನು ನಿಜಕ್ಕೂ ನಿರ್ಧರಿಸುವುದು ಎಷ್ಟೋ ಸಲ ಮದ್ದುಗುಂಡು. ಅಂತರರಾಷ್ಟ್ರೀಯ ವಿಮಾನಯಾನ ನಿಯಮಗಳಂತೆ ಒಬ್ಬ ಪ್ರಯಾಣಿಕ ತನ್ನ ಬಳಕೆಗಾಗಿ ಪೊಟ್ಟಣವೂ ಸೇರಿ 5 ಕಿಲೋ ಕಾಡತೂಸುಗಳನ್ನಷ್ಟೇ ನೋಂದಾಯಿತ ಸಾಮಾನಿನಲ್ಲಿ ಕಳುಹಿಸಬಹುದು, ಅದೂ ವಿಮಾನಯಾನ ಸಂಸ್ಥೆಯ ಒಪ್ಪಿಗೆಯೊಂದಿಗೆ. ಇಬ್ಬರ ಪಾಲನ್ನು ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಹತ್ತು ಕಿಲೋ ಮಾಡುವಂತಿಲ್ಲ. ಸಂಸ್ಥೆಗಳು ಇದಕ್ಕಿಂತ ಬಿಗಿಯಾದ ಮಿತಿಯನ್ನೂ ಇಟ್ಟುಕೊಳ್ಳಬಹುದಾದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಲಿಖಿತ ಉತ್ತರ ಪಡೆಯಿರಿ. .22 ಬಳಸುವವರಿಗೆ 5 ಕಿಲೋ ಎಂದರೆ ಸಾವಿರ ದಾಟುವಷ್ಟು ಕಾಡತೂಸುಗಳು. ಅರವತ್ತು ಹೊಡೆತಗಳ ಸ್ಪರ್ಧೆಗೆ, ಗುರಿ ಹೊಂದಿಸುವುದಕ್ಕೆ, ಅಭ್ಯಾಸಕ್ಕೆ ಅದು ಧಾರಾಳ. ಅವರು ಗಮನಿಸಬೇಕಾದದ್ದು ಲಾಟ್ ಸಂಖ್ಯೆಯನ್ನು, ಅಂದರೆ ಕಾಡತೂಸುಗಳು ಯಾವ ತಯಾರಿಕಾ ತಂಡದವು ಎಂಬುದನ್ನು. ಒಂದೊಂದು ನಳಿಗೆಗೆ ಒಂದೊಂದು ಲಾಟ್ ಒಗ್ಗುತ್ತದೆ, 50 ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಇರುವಾಗ ಒಗ್ಗದ ಲಾಟ್ ಅಂಕಗಳನ್ನು ತಿನ್ನುತ್ತದೆ. ಯಾವ ರೈಫಲಿಗೆ ಪರೀಕ್ಷಿಸಿದ ಲಾಟ್ ಸಾಕಷ್ಟು ಉಳಿದಿದೆಯೋ ಆ ರೈಫಲೇ ವಿಮಾನ ಹತ್ತಬೇಕು, ಹೊಸದು ಎಷ್ಟೇ ಚೆನ್ನಾಗಿದ್ದರೂ ಸರಿಯೇ.

ಹಾರುವ ತಟ್ಟೆಗಳಿಗೆ ಶಾಟ್‌ಗನ್ನಿನಿಂದ ಹೊಡೆಯುವ ಟ್ರ್ಯಾಪ್ ಮತ್ತು ಸ್ಕೀಟ್‌ನವರಿಗೆ ಅದೇ 5 ಕಿಲೋ ಬಹಳ ಇಕ್ಕಟ್ಟು. 24 ಗ್ರಾಂ ಚರೆಯ 12 ಬೋರ್ ಕಾಡತೂಸುಗಳ ಇಪ್ಪತ್ತೈದರ ಒಂದು ಡಬ್ಬ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಅಂದರೆ ಮಿತಿಯೊಳಗೆ ಸುಮಾರು 125 ಕಾಡತೂಸುಗಳು. ಟ್ರ್ಯಾಪ್ ಅರ್ಹತಾ ಸುತ್ತಿನಲ್ಲಿ ಹಾರುವ ಮಣ್ಣಿನ ತಟ್ಟೆಗಳೇ 125, ಪ್ರತಿ ತಟ್ಟೆಗೂ ಎರಡನೆಯ ಹೊಡೆತಕ್ಕೆ ಅವಕಾಶವಿದೆ. ಅಭ್ಯಾಸದ ಮಾತು ಹಾಗಿರಲಿ, ಸ್ಪರ್ಧೆಗೇ ಒಯ್ದದ್ದು ಸಾಲದು. ಶಾಟ್‌ಗನ್ ಶೂಟರ್ ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಪರ್ಧೆಯ ಸ್ಥಳದಲ್ಲಿ ತನಗೆ ರೂಢಿಯಿರುವ ಕಾಡತೂಸು ಸಿಗುವ ವ್ಯವಸ್ಥೆಯನ್ನು ರಾಜ್ಯ ಸಂಸ್ಥೆಯ ಮೂಲಕ ಖಚಿತಪಡಿಸಿಕೊಳ್ಳುವುದು, ಸಿಗದಿದ್ದರೆ ಅಲ್ಲಿ ಸಿಗುವ ಬಗೆಯಲ್ಲೇ ಇಲ್ಲಿ ಅಭ್ಯಾಸ ನಡೆಸುವುದು.

ಮಲೆನಾಡಿನಿಂದ, ಕೊಡಗಿನಿಂದ ಬರುವ ಹೊಸಬರು ಟ್ರ್ಯಾಪ್‌ಗೆ ಮನೆಯ ಜೋಡುನಳಿಗೆ ಕೋವಿಯನ್ನು ತರಲೇ ಎಂದು ಕೇಳುವುದುಂಟು. ಅಜ್ಜನ ಕಾಲದ ಕೋವಿಯ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ, ಅದರ ಮೇಲೆ ನನಗೂ ಗೌರವವಿದೆ. ಆದರೆ ಪಕ್ಕಪಕ್ಕದ ನಳಿಗೆಗಳ ಆ ಕೋವಿ ವೇಗವಾಗಿ ದೂರ ಸರಿಯುವ ತಟ್ಟೆಗೆ ಹೊಂದುವಂಥದ್ದಲ್ಲ, ಒಂದರ ಮೇಲೊಂದು ನಳಿಗೆಯಿರುವ ಸ್ಪರ್ಧಾ ಕೋವಿಯೇ ಅದಕ್ಕೆ ಬೇಕು. ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿಯ ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ ಸೀಮಿತವಾಗಿದ್ದರೆ ಅದು ದೆಹಲಿಗೆ ಹೋಗುವಂತೆಯೂ ಇಲ್ಲ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ ನಿಜ, ಆದರೆ ಅದು ವಿಮಾನ ಸುರಕ್ಷತಾ ನಿಯಮಗಳಿಂದ ಕೊಟ್ಟ ವಿನಾಯಿತಿಯಲ್ಲ. ವಿನಾಯಿತಿ ಪತ್ರದ ಮೂಲ ಪ್ರತಿ ಕೈಯಲ್ಲಿರಬೇಕು, ವಿಮಾನಯಾನ ಸಂಸ್ಥೆ ಅದನ್ನು ಒಪ್ಪುವುದೆಂದು ಮುಂಚಿತವಾಗಿ ಬರೆದು ತಿಳಿಸಿರಬೇಕು.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರ ಎರಡು ಬಂದೂಕುಗಳನ್ನಷ್ಟೇ ಇಟ್ಟುಕೊಳ್ಳಬಹುದು, ಹೆಸರಾಂತ ಶೂಟರ್‌ಗಳಿಗೆ ಹೆಚ್ಚಿನ ಸಂಖ್ಯೆಯ ಅವಕಾಶ ಪ್ರತ್ಯೇಕವಾಗಿದೆ. ಇಟ್ಟುಕೊಳ್ಳುವ ಅವಕಾಶವನ್ನು ಒಟ್ಟಿಗೆ ಹೊತ್ತೊಯ್ಯುವ ಅವಕಾಶವೆಂದು ತಿಳಿಯಬಾರದು. ಪೆಟ್ಟಿಗೆಯಲ್ಲಿರುವ ಪ್ರತಿ ಬಂದೂಕಿನ ಸಂಖ್ಯೆ ಪರವಾನಗಿಯ ಪುಟದೊಂದಿಗೆ, ವಿಮಾನಯಾನ ಸಂಸ್ಥೆಗೆ ಕಳುಹಿಸಿದ ಪತ್ರದೊಂದಿಗೆ ಅಕ್ಷರಶಃ ಹೊಂದಬೇಕು. ಹೊರಡುವ ಹಿಂದಿನ ಸಂಜೆ ಮನಸ್ಸು ಬದಲಿಸಿ ಬೇರೆ ಪಿಸ್ತೂಲು ಇಟ್ಟುಕೊಂಡವರು ಮುಂಜಾನೆಯ ಕೌಂಟರಿನಲ್ಲಿ ನಿಲ್ಲಬೇಕಾಗುತ್ತದೆ. ತಂಡದ ಗೆಳೆಯನ ಪೆಟ್ಟಿಗೆಯಲ್ಲಿ ನಿಮ್ಮ ಬಂದೂಕನ್ನು ಸೇರಿಸುವುದಂತೂ ಎಂದಿಗೂ ಬೇಡ.

ಆದ್ದರಿಂದ ಆಯ್ಕೆ ಮುಗಿಯಬೇಕಾದದ್ದು ಟಿಕೆಟ್ ಕೊಳ್ಳುವ ದಿನವೇ. ಡಿಸೆಂಬರಿನ ದೆಹಲಿಯ ಮಂಜಿಗೆ ವಿಮಾನಗಳು ತಡವಾಗುತ್ತವೆ, ಸ್ಪರ್ಧೆಗೆ ಎರಡು ದಿನ ಮುಂಚೆ ತಲುಪುವಂತೆ ಹೊರಡಿ. ತಲುಪಿದ ಮೇಲೆ ಪೆಟ್ಟಿಗೆ ತೆರೆದು ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ, ಟ್ರಿಗರ್ ತೂಕ ಅಳೆದು, ಸಿಲಿಂಡರ್ ತುಂಬಿಸಿ, ಗುರಿಯನ್ನು ಹೊಂದಿಸಿ ಆಮೇಲೆ ತಪಾಸಣೆಗೆ ಒಯ್ಯಿರಿ. ಮರಳುವ ಪ್ರಯಾಣಕ್ಕೂ ಅದೇ ಪತ್ರ, ಅದೇ 5 ಕಿಲೋ ಮಿತಿ ಅನ್ವಯಿಸುವುದರಿಂದ ಅಲ್ಲಿ ಕೊಂಡು ಉಳಿದ ಕಾಡತೂಸುಗಳನ್ನು ತೂಗಿ, ಪರವಾನಗಿಯ ಲೆಕ್ಕದೊಂದಿಗೆ ಹೋಲಿಸಿಯೇ ಪೆಟ್ಟಿಗೆ ಮುಚ್ಚಿ.