ಹಲ್ಲಿನ ಲೆಕ್ಕ ಸರಿಯಿದೆ, ಗೇರ್ ಯಾಕೆ ಕೂಗುತ್ತದೆ?

ಮನೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಲ್‌ಗೆ ರೋಟರಿ (ಲೋಹದ ತುಂಡನ್ನು ಬೇಕಾದ ಕೋನಕ್ಕೆ ತಿರುಗಿಸುವ ಸಾಧನ) ಕೂರಿಸಿಕೊಂಡು ಗೇರ್ ಮಾಡಿಕೊಳ್ಳುವವರು ತರುವ ದೂರು ಹೆಚ್ಚುಕಡಿಮೆ ಒಂದೇ. ‘ಹಲ್ಲು ನಲವತ್ತಕ್ಕೆ ನಲವತ್ತು ಬಂದಿದೆ, ವರ್ನಿಯರ್‌ನಲ್ಲಿ ಸುತ್ತಲೂ ಒಂದೇ ಅಳತೆ. ಆದರೂ ಸುತ್ತಿಗೊಮ್ಮೆ ಬಿಗಿಯಾಗುತ್ತದೆ, ಸದ್ದು ಏರಿಳಿಯುತ್ತದೆ.’ ಹಿಂದೆಯೇ ಸ್ಟೆಪರ್ ಮೋಟಾರಿನ ಮೇಲೆ ಅನುಮಾನ, ಆಮೇಲೆ ಇನ್ನೂ ದುಬಾರಿ ರೋಟರಿ ಕೊಳ್ಳುವ ಮಾತು. ದಯವಿಟ್ಟು ಕೊಳ್ಳಬೇಡಿ. ಮೊದಲು ಡಯಲ್ (ಸುತ್ತುವಾಗಿನ ಅಲ್ಲಾಟವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಹಾಕಿ.

ರೋಟರಿ ಸಮಭಾಗ ಮಾಡುವುದು ತನ್ನ ಅಕ್ಷದ ಸುತ್ತ. ಗೇರ್ ಓಡುವುದು ತನ್ನ ಬೋರಿನ, ಅಂದರೆ ನಡುವಿನ ತೂತಿನ, ಸುತ್ತ. ಇವೆರಡನ್ನೂ ಒಂದೇ ಗೆರೆಯ ಮೇಲೆ ತರುವುದು ಪ್ರೋಗ್ರಾಮಿನ ಕೆಲಸವಲ್ಲ, ತುಂಡನ್ನು ಯಂತ್ರಕ್ಕೆ ಕಟ್ಟುವವರ ಕೆಲಸ. ಸಾಮಾನ್ಯ ಮೂರು ದವಡೆಯ ಚಕ್‌ನಲ್ಲಿ ಮ್ಯಾಂಡ್ರೆಲ್ (ಗೇರ್ ಏರಿಸುವ ದಂಡ) ಹಿಡಿದರೆ ಡಯಲ್ ಮುಳ್ಳು 0.1 ಮಿ.ಮೀ. ಆಡುವುದು ಅಪರೂಪವೇನಲ್ಲ. ಅದರ ಮೇಲೆ ಸಡಿಲ ಬೋರಿನ ಬ್ಲ್ಯಾಂಕ್ (ಇನ್ನೂ ಹಲ್ಲು ಕೊರೆಯದ ಬಿಲ್ಲೆ) ಏರಿಸಿ ನಟ್ ಬಿಗಿದರೆ 0.2 ಆಗಿಬಿಡುತ್ತದೆ. ಅಂದರೆ ಸೆಂಟರ್ 0.1 ಪಕ್ಕಕ್ಕೆ ಸರಿದಿದೆ. 20 ಡಿಗ್ರಿ ಪ್ರೆಷರ್ ಆ್ಯಂಗಲ್‌ನ (ಹಲ್ಲಿನ ಪಕ್ಕದ ಇಳಿಜಾರಿನ ಕೋನ) ಗೇರಿನಲ್ಲಿ ಜೋಡಿ ಗೇರುಗಳ ಸೆಂಟರ್ ಅಂತರ 0.1 ಬದಲಾದರೆ ಹಲ್ಲುಗಳ ನಡುವಿನ ಸಡಿಲ ಸುಮಾರು 0.07 ಬದಲಾಗುತ್ತದೆ. ಇದು ಒಂದು ಕಡೆ ಕಡಿಮೆ, ಎದುರು ಕಡೆ ಹೆಚ್ಚು. ಒಟ್ಟು ಏರಿಳಿತ 0.15ರ ಹತ್ತಿರ. ಒಂದು ಮಾಡ್ಯೂಲ್‌ನ (ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ) ಜೋಡಿಗೆ ಬೇಕಾದ ಸಡಿಲವೇ 0.1ರ ಆಸುಪಾಸಿನದು. ಬಿಗಿ ಬಂತೆಂದು ಸೆಂಟರ್ ದೂರ ಮಾಡುತ್ತಾರೆ, ಆಗ ಎದುರು ಭಾಗ ಗಡಗಡ ಅನ್ನುತ್ತದೆ.

ವರ್ನಿಯರ್ ಇದನ್ನು ಏಕೆ ತೋರಿಸುವುದಿಲ್ಲ? ಐದು ಹಲ್ಲುಗಳನ್ನು ದವಡೆಗಳ ನಡುವೆ ಹಿಡಿದು ಅಳೆದಾಗ ಸಿಗುವುದು ಹಲ್ಲಿಗೂ ಹಲ್ಲಿಗೂ ಇರುವ ಸಂಬಂಧ ಮಾತ್ರ. ಆ ಸಂಬಂಧ ಕೆಟ್ಟಿಲ್ಲ. ಹಲ್ಲುಗಳು ರೋಟರಿಯ ಅಕ್ಷದ ಸುತ್ತ ಅಚ್ಚುಕಟ್ಟಾಗಿಯೇ ಕುಳಿತಿವೆ. ಬೋರ್ ಎಲ್ಲಿದೆ ಎಂಬುದು ಆ ಅಳತೆಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಮೋಸ ಹೊರವ್ಯಾಸದ್ದು. ಬ್ಲ್ಯಾಂಕ್ ಏರಿಸಿದ ಮೇಲೆ ರೋಟರಿಯನ್ನು ತಿರುಗಿಸುತ್ತಾ ಎಂಡ್‌ಮಿಲ್‌ನಿಂದ ಹೊರಮೈ ಸವರಿ, ಡಯಲ್ ಇಟ್ಟು, ಮುಳ್ಳು ಅಲ್ಲಾಡಲಿಲ್ಲವೆಂದು ನಿಶ್ಚಿಂತರಾಗುವವರಿದ್ದಾರೆ. ಅಲ್ಲಾಡುವುದಾದರೂ ಹೇಗೆ? ಅದೇ ಅಕ್ಷದ ಸುತ್ತ ಈಗಷ್ಟೇ ಸವರಿದ್ದೀರಿ. ಬೋರಿನ ಓರೆ, ಅಂದರೆ ಅದು ಅಕ್ಷದಿಂದ ಪಕ್ಕಕ್ಕೆ ಸರಿದಿರುವುದು, ಹಾಗೆಯೇ ಒಳಗೆ ಉಳಿದಿದೆ.

ಆದ್ದರಿಂದ ಡಯಲ್ ಇಡಬೇಕಾದ್ದು ಬ್ಲ್ಯಾಂಕ್ ಮೇಲಲ್ಲ, ಬರಿಯ ಮ್ಯಾಂಡ್ರೆಲ್ ಮೇಲೆ. ಮ್ಯಾಂಡ್ರೆಲ್ಲನ್ನು ಲೇತಿನಲ್ಲಿ ಎರಡು ಸೆಂಟರ್‌ಗಳ (ದಂಡದ ತುದಿಗಳನ್ನು ಆನಿಸುವ ಚೂಪು ಮೊನೆಗಳ) ನಡುವೆ ಟರ್ನ್ ಮಾಡಿ, ಬೋರಿಗಿಂತ 0.01 ಮಾತ್ರ ಚಿಕ್ಕದಾಗಿರಲಿ. ಎಣ್ಣೆ ಸವರಿದರೆ ಕೈಯಲ್ಲೇ ಜಾರಿ ಒಳಹೋಗಬೇಕು, ಆದರೆ ಆಡಬಾರದು. ರೋಟರಿಯಲ್ಲೂ ಸೆಂಟರ್‌ಗಳ ನಡುವೆಯೇ ಕಟ್ಟಿ, ಇಲ್ಲವೇ ನಾಲ್ಕು ದವಡೆಯ ಚಕ್‌ನಲ್ಲಿ ಹಿಡಿದು ಹೊಂದಿಸಿ. ಸೆಂಟರ್‌ನಲ್ಲಿ ಕಟ್ಟುವವರು ಡ್ರೈವಿಂಗ್ ಡಾಗ್‌ನ (ಮ್ಯಾಂಡ್ರೆಲ್ಲನ್ನು ಹಿಡಿದು ತಿರುಗಿಸುವ ಕೊಂಡಿಯ) ಬಾಲವನ್ನು ಎರಡೂ ಕಡೆಯಿಂದ ಸ್ಕ್ರೂ ಕೊಟ್ಟು ಬಿಗಿಯಿರಿ, ಅಲ್ಲಿ ಆಟ ಉಳಿದರೆ ಉಳಿದ ಶ್ರಮವೆಲ್ಲ ದಂಡ. ಮ್ಯಾಂಡ್ರೆಲ್‌ನ ಎರಡೂ ತುದಿಯಲ್ಲಿ ಡಯಲ್ 0.02ರೊಳಗೆ ಬರಬೇಕು. ಆಮೇಲೆ ಡಯಲ್ಲನ್ನು ಉದ್ದಕ್ಕೂ ಓಡಿಸಿ, ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಟೇಲ್‌ಸ್ಟಾಕ್ (ದಂಡದ ಇನ್ನೊಂದು ತುದಿಯ ಆಸರೆ) ಪಕ್ಕಕ್ಕೆ ಸರಿದಿದ್ದರೆ ಹಲ್ಲು ಒಂದು ಮುಖದಲ್ಲಿ ಆಳ, ಇನ್ನೊಂದರಲ್ಲಿ ತೆಳು. ಎತ್ತರ ತಪ್ಪಿದರೆ ಹಲ್ಲು ಓರೆಯಾಗಿ ಓಡುತ್ತದೆ.

ಕಟರ್ ಸೆಂಟರ್‌ಗೂ ಇದೇ ನಿಷ್ಠೆ ಬೇಕು. ಲಂಬ ಸ್ಪಿಂಡಲ್‌ನ ಮಿಲ್‌ನಲ್ಲಿ ರೋಟರಿ ಎಕ್ಸ್ ಉದ್ದಕ್ಕೆ ಮಲಗಿರುತ್ತದೆ, ಡಿಸ್ಕ್ ಕಟರ್ ಆರ್ಬರ್‌ನಲ್ಲಿ (ಕಟರ್ ಹಿಡಿಯುವ ದಂಡದಲ್ಲಿ) ಅಡ್ಡವಾಗಿ ತಿರುಗುತ್ತದೆ, ಆಳ ಕೊಡುವುದು ವೈ ದಿಕ್ಕಿನಲ್ಲಿ. ಹೀಗಾಗಿ ಸೆಂಟರ್ ಹಿಡಿಯುವುದು ಝಡ್‌ನಲ್ಲಿ. ಕಟರ್‌ನ ಕೆಳಮುಖವನ್ನು ಮ್ಯಾಂಡ್ರೆಲ್‌ನ ತಲೆಗೆ ಮುಟ್ಟಿಸಿ, ಮ್ಯಾಂಡ್ರೆಲ್ ವ್ಯಾಸದ ಅರ್ಧ ಮತ್ತು ಕಟರ್ ದಪ್ಪದ ಅರ್ಧ ಸೇರಿಸಿ ಅಷ್ಟು ಇಳಿಸಿ. ಆರ್ಬರ್‌ನ ಕೆಳಗಿನ ನಟ್ ಬ್ಲ್ಯಾಂಕಿಗೆ ತಾಗದಂತೆ ನೋಡಿಕೊಳ್ಳಿ. ಪರೀಕ್ಷೆಗೆ ಒಂದು ತುಂಡು ಬ್ಲ್ಯಾಂಕ್‌ನಲ್ಲಿ ಒಂದು ಗಾಡಿ (ಹಲ್ಲುಗಳ ನಡುವಿನ ತೋಡು) ಕೊರೆದು, ಬ್ಲ್ಯಾಂಕನ್ನು ಮ್ಯಾಂಡ್ರೆಲ್ ಮೇಲೆ ಹಿಂದುಮುಂದಾಗಿ ತಿರುಗಿಸಿ ಹಾಕಿ, ಅದೇ ಗಾಡಿಗೆ ಕಟರ್ ಇಳಿಸಿ. ಮಾರ್ಕರ್ ಬಳಿದ ಎರಡೂ ಪಕ್ಕಗಳು ಸಮನಾಗಿ ತಾಗಬೇಕು. ಒಂದೇ ಪಕ್ಕ ಉಜ್ಜಿದರೆ ಸೆಂಟರ್ ತಪ್ಪಿದೆ, ಕಾಣುವ ತಪ್ಪು ನಿಜವಾದದ್ದರ ಎರಡರಷ್ಟು. ಕಟರ್ ಸೆಂಟರ್‌ನಲ್ಲಿದ್ದರೆ ಕಟಿಂಗ್ ಬಲ ರೋಟರಿಯ ಅಕ್ಷದ ಮೂಲಕವೇ ಹಾದುಹೋಗುತ್ತದೆ. ಇಲ್ಲದಿದ್ದರೆ ರೋಟರಿಯನ್ನು ತಿರುಚುತ್ತದೆ. ಬ್ರೇಕ್ ಇಲ್ಲದ ಬೆಲ್ಟ್ ರೋಟರಿಗಳು ನಡುಗುವುದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಬೇಗ ಹೇಳಬಹುದು. ಒಂದು ಮಾಡ್ಯೂಲ್, 40 ಹಲ್ಲಿಗೆ ಬ್ಲ್ಯಾಂಕ್ 42 ಮಿ.ಮೀ., ಆಳ 2.25. ಕಟರ್ ಮೇಲಿನ ನಂಬರ್ ನೋಡಿ ಕೊಳ್ಳಬೇಡಿ. ಒಂದು ಪದ್ಧತಿಯಲ್ಲಿ 1ನೇ ನಂಬರ್ 135 ಹಲ್ಲಿನಿಂದ ರ್‍ಯಾಕ್‌ವರೆಗೆ (ನೇರ ಪಟ್ಟಿಯ ಮೇಲಿನ ಹಲ್ಲು), ಇನ್ನೊಂದರಲ್ಲಿ ಅದೇ ನಂಬರ್ 12–13 ಹಲ್ಲಿಗೆ. ಮೈಮೇಲೆ ಕೊರೆದಿರುವ ಹಲ್ಲಿನ ಶ್ರೇಣಿ ಓದಿ. 40 ಹಲ್ಲಿಗೆ 35–54ರದ್ದು ಬೇಕು. ಹಳೆಯ ಇಂಗ್ಲಿಷ್ ಲೇತಿನ ಗೇರಾದರೆ 20 ಡಿಪಿ (ಹಲ್ಲಿನ ಗಾತ್ರದ ಇಂಚಿನ ಅಳತೆ) ಇರಬಹುದು, ಅದು 1.27 ಮಾಡ್ಯೂಲ್‌ಗೆ ಸಮ. 1.25ರ ಕಟರ್‌ನಿಂದ ‘ಹತ್ತಿರ ಇದೆಯಲ್ಲ’ ಎಂದು ಕೊರೆಯಬೇಡಿ. 50 ಮಿ.ಮೀ. ವ್ಯಾಸದ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಕಟರ್‌ಗೆ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 130 ಸುತ್ತು ಸಾಕು, ಫೀಡ್ 50–60 ಮಿ.ಮೀ. ಸಾವಿರಾರು ಸುತ್ತಿಗಿಂತ ಕೆಳಗೆ ಇಳಿಯದ ರೂಟರ್ ಸ್ಪಿಂಡಲ್‌ನಲ್ಲಿ ಈ ಕಟರ್ ಹಾಕುವುದು ಅಪಾಯ, ಬೇಡವೇ ಬೇಡ.

ಆಳವನ್ನು ಹೊರವ್ಯಾಸ ಮುಟ್ಟಿಸಿ ನಂಬಬೇಡಿ. 0.2 ಉಳಿಸಿಕೊಂಡು ಆರು ಗಾಡಿ ಕೊರೆದು ಐದು ಹಲ್ಲಿನ ಮೇಲೆ ಅಳೆಯಿರಿ. ಸಡಿಲವಿಲ್ಲದ ಲೆಕ್ಕದಲ್ಲಿ ಅದು 13.845 ಬರಬೇಕು, ಸಡಿಲಕ್ಕೆಂದು 0.05 ಕಡಿಮೆ ಇಡುವುದು ವಾಡಿಕೆ. ಅಳತೆ ಎಷ್ಟು ಹೆಚ್ಚಿದೆಯೋ ಅದರ ಸುಮಾರು ಒಂದೂವರೆ ಪಟ್ಟು ಇನ್ನೂ ಆಳಕ್ಕೆ ಹೋಗಿ.

40 ಹಲ್ಲಿಗೆ ಒಂದು ಹೆಜ್ಜೆ ಸರಿಯಾಗಿ 9 ಡಿಗ್ರಿ, ತಕರಾರಿಲ್ಲ. ಇಂಚಿನ ಲೇತಿನಲ್ಲಿ ಮೆಟ್ರಿಕ್ ಥ್ರೆಡ್‌ಗೆ ಬೇಕಾಗುವ 127 ಹಲ್ಲಿನ ಗೇರಿನಲ್ಲಿ ಹೆಜ್ಜೆ 2.8346456... ಎಂದು ಮುಗಿಯುವುದೇ ಇಲ್ಲ. ಅದನ್ನು 2.83 ಎಂದು ಬರೆದು ಜಿ 91ರಲ್ಲಿ (ಹಿಂದಿನ ಜಾಗದಿಂದ ಎಣಿಸುವ ಆದೇಶ) ಹೆಜ್ಜೆ ಮೇಲೆ ಹೆಜ್ಜೆ ಇಟ್ಟರೆ ಕೊನೆಯಲ್ಲಿ 0.59 ಡಿಗ್ರಿ ಉಳಿಯುತ್ತದೆ. ಒಂದು ಮಾಡ್ಯೂಲ್‌ನಲ್ಲಿ ಕೊನೆಯ ಹಲ್ಲು ಉಳಿದವಕ್ಕಿಂತ 0.65 ಮಿ.ಮೀ. ಹೆಚ್ಚು ದಪ್ಪ. ಜಿ 90ರಲ್ಲಿ ಪ್ರತಿ ಕೋನವನ್ನೂ ಸೊನ್ನೆಯಿಂದ ಲೆಕ್ಕ ಹಾಕಿ, ವರ್ಮ್ (ತಿರುಪಿನಂಥ ಗೇರ್) ರೋಟರಿಯಾದರೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ.

ಕೊರೆದಾದ ಮೇಲೆ ಬೋರಿನ ಪರೀಕ್ಷೆ ಹೀಗೆ: ಗೇರನ್ನು ಓಡಾಟವಿಲ್ಲದ ಬೇರೆ ಮ್ಯಾಂಡ್ರೆಲ್‌ಗೆ ಹಾಕಿ, 1.7 ಮಿ.ಮೀ. ಡ್ರಿಲ್‌ನ ಬುಡವನ್ನು ಗಾಡಿಯಲ್ಲಿ ಇಟ್ಟು ಅದರ ಮೇಲೆ ಡಯಲ್. ಪ್ರತಿ ಐದನೇ ಗಾಡಿ ನೋಡಿದರೆ ಸಾಕು. ಒಂದೇ ಕಡೆ ಏರಿ ಎದುರು ಕಡೆ ಇಳಿದರೆ ಬೋರ್ ಓರೆ. ಲೇತಿನ ಗೇರಿಗೆ 0.05ರವರೆಗೆ ಸಹಿಸಬಹುದು ಎನ್ನುವುದು ನನ್ನ ಅಭಿಪ್ರಾಯ. ಭಾರ ಎತ್ತುವ ಯಂತ್ರಕ್ಕೆ, ವಾಹನಕ್ಕೆ ಮಾತ್ರ ಮನೆಯ ಗೇರ್ ಹಾಕಬೇಡಿ.

ಓರೆ ಬಂದ ಗೇರನ್ನು ಎಸೆಯಬೇಕಿಲ್ಲ. 40 ಹಲ್ಲಿನದಾದರೆ ಪ್ರತಿ ಹತ್ತನೇ ಗಾಡಿಗೆ ಒಂದರಂತೆ ನಾಲ್ಕು ಪಿನ್ ಇಟ್ಟು, ಲೇತಿನ ನಾಲ್ಕು ದವಡೆಯ ಚಕ್‌ನಲ್ಲಿ ಆ ಪಿನ್‌ಗಳ ಮೇಲೆಯೇ ಹಿಡಿಯಿರಿ. ದವಡೆಗಳ ಪಕ್ಕದ ಗಾಡಿಗಳಲ್ಲಿ ಇನ್ನೊಂದು ಪಿನ್ ಇಟ್ಟು ಡಯಲ್‌ನಿಂದ ಹೊಂದಿಸಿ, ಬೋರನ್ನು 4 ಮಿ.ಮೀ. ದೊಡ್ಡದು ಮಾಡಿ. ಚಕ್‌ನಿಂದ ಬಿಚ್ಚದೆಯೇ ಬುಷ್ (ಲೋಹದ ಕೊಳವೆ ತುಂಡು) ಒತ್ತಿ ಕೂರಿಸಿ, ಅಳತೆಯ ಬೋರನ್ನು ಅದೇ ಹಿಡಿತದಲ್ಲಿ ಮುಗಿಸಿ.